ಕಿವಿ ಪರೀಕ್ಷೆಗೊಂದು ತಾಳ

ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡೋದು ನನ್ನ ಕೆಲಸ. ಒಂದು ದಿನ ಇಂಗ್ಲೆಂಡ್ ಮೂಲದ ಹಿರಿಯರೊಬ್ಬರು ಬಂದರು. ಜಾಝ್ ಡ್ರಮ್ಮರ್, ನಲವತ್ತು ವರ್ಷದಿಂದ ಶಿಕಾಗೊದಲ್ಲಿ ಸ್ವಂತ ಬ್ಯಾಂಡ್ ನಡೆಸುತ್ತಿರುವವರು. ಹೆಂಡತಿಯ ಬಲವಂತಕ್ಕೆ ಬಂದಿದ್ದರು.

ಹೆಡ್‌ಫೋನ್ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದೆ. ಬೀಪ್ ಕೇಳಿಸಿದಾಗಲೆಲ್ಲ ಕೈಯಲ್ಲಿರೋ ಬಟನ್ ಒತ್ತಬೇಕು, ಅಷ್ಟೇ. ನಾನು ಶಬ್ದ ಎಷ್ಟು ಕಡಿಮೆ ಮಾಡಿದರೂ ಒತ್ತುತ್ತಲೇ ಇದ್ದರು. ಈ ವಯಸ್ಸಿಗೆ ಇಂಥ ಕಿವಿಯೇ ಅಂತ ಅನುಮಾನ ಬಂದು ಶಬ್ದವನ್ನು ಪೂರ್ತಿ ನಿಲ್ಲಿಸಿದೆ. ಆಗಲೂ ಸರಿಯಾದ ಸಮಯಕ್ಕೆ ಒತ್ತಿದರು.

“ಈಗ ಏನು ಕೇಳಿಸ್ತು?” ಅಂದೆ.

“ಏನೂ ಇಲ್ಲ. ನೀವು ನಾಲ್ಕೆಣಿಕೆಗೊಂದು ಬೀಪ್ ಕೊಡ್ತಿದ್ರಿ, ನಾನೂ ಅದೇ ಲೆಕ್ಕಕ್ಕೆ ಒತ್ತಿದೆ. ಬ್ಯಾಂಡಲ್ಲೂ ಈಗ ಹಾಗೇ. ನನ್ನ ಡ್ರಮ್ಸಿನ ಕಂಚಿನ ತಟ್ಟೆಯ ಸದ್ದು ಕೇಳಿಸದೆ ಎರಡು ವರ್ಷ ಆಯ್ತು. ಬ್ಯಾಂಡಿನವರಿಗೆ ಹೇಳಿಲ್ಲ.”

ತಪ್ಪು ನನ್ನದು. ಮುಂದಿನ ಬೀಪ್ ಯಾವಾಗ ಅಂತ ಊಹೆಗೆ ಸಿಗಬಾರದು. ಆದರೆ ಮೈಸೂರಲ್ಲಿ ಎಂಟು ವರ್ಷ ಮೃದಂಗ ಕಲಿತ ನನ್ನ ಬೆರಳು ತಾನಾಗಿಯೇ ಎಣಿಸಿಕೊಂಡು ಬೀಪ್ ಗುಂಡಿ ಒತ್ತುತ್ತಿತ್ತು. ಇನ್ನೆಷ್ಟು ಜನರ ರಿಪೋರ್ಟ್ ಹೀಗೆ ಚೆನ್ನಾಗಿ ಬಂದಿದೆಯೋ.

ಎರಡನೇ ಸಲ ಲಯ ಕೆಡಿಸಿ ಒತ್ತಿದೆ. ಅರ್ಧಕ್ಕರ್ಧ ಬೀಪ್ ಅವರಿಗೆ ತಪ್ಪಿಹೋದವು. ರಿಪೋರ್ಟನ್ನು ಕೊನೆಯವರೆಗೂ ಓದಿದರು. ಆಮೇಲೆ, “ಮೊದಲನೇ ಸಲ ಚೆನ್ನಾಗಿ ನುಡಿಸಿದ್ರಿ,” ಅಂದು, ಹಿಯರಿಂಗ್ ಏಯ್ಡ್ ಬರೆಸಿಕೊಂಡು ಹೋದರು.

ಅವತ್ತಿನಿಂದ ಬೇಕಂತಲೇ ತಾಳ ತಪ್ಪುತ್ತಿದ್ದೇನೆ. ಮೈಸೂರಿನ ಮೃದಂಗದ ಮೇಷ್ಟ್ರು ಫೋನ್ ಮಾಡಿ ಅಭ್ಯಾಸ ಹೇಗಿದೆ ಅಂತ ಕೇಳಿದರೆ, ದಿನಾ ಮಾಡ್ತಿದ್ದೀನಿ ಸಾರ್ ಅಂತೀನಿ.