ಹೊಡೆದುಹಾಕದ ಹೆಸರು

ನಾನು ಚಿಕ್ಕವನಿದ್ದಾಗ ನಮ್ಮ ಅಡ್ಡಹೆಸರಿನ ಅರ್ಥ ಯಾರಿಗೂ ತಿಳಿಯದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ನೀವು ಸರ್‌ನೇಮ್ ಅನ್ನುತ್ತೀರಲ್ಲ, ಅದನ್ನೇ ಧಾರವಾಡದ ಕಡೆ ಅಡ್ಡಹೆಸರು ಅನ್ನುವುದು. ಅಲ್ಲಿ ಒಬ್ಬರ ಮನೆತನ ಬೆಲ್ಲದ, ಇನ್ನೊಬ್ಬರದು ಮೆಣಸಿನಕಾಯಿ. ನಮ್ಮ ಪಾಲಿಗೆ ಬಂದದ್ದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ನಾವು ಬಂದು ನೆಲೆಸಿದ್ದ, ಲೀಡ್ಸಿನ ಹತ್ತಿರದ ಹಡರ್ಸ್‌ಫೀಲ್ಡಿನ ನಮ್ಮ ಶಾಲೆಯಲ್ಲಿ ಟೀಚರ್‌ಗೇ ಆ ಹೆಸರು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಹಾಜರಿ ಕರೆಯುವಾಗ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಅರ್ಥವೂ ಗೊತ್ತಾಗಿಬಿಟ್ಟರೆ ನನ್ನ ಗತಿ ಏನು?

ಆಗ ನನಗೆ ಒಂಬತ್ತು ವರ್ಷ. ಒಂದು ಸೋಮವಾರ ಟೀಚರ್ ಎಲ್ಲರಿಗೂ ಒಂದು ಕೆಲಸ ಹೇಳಿದರು. ಒಂದು ಮನೆತನದ ಹೆಸರು ಎಲ್ಲಿಂದ ಬಂತು, ಎಲ್ಲೆಲ್ಲಿಗೆ ಹೋಯಿತು ಎಂದು ಎರಡು ಪುಟ ಬರೆದು ಶುಕ್ರವಾರ ತರಬೇಕು. ಅದನ್ನು ತರಗತಿಯ ಮುಂದೆ ಓದಬೇಕು. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರ್. ಅಂದು ಡ್ಯೂಟಿ ಮುಗಿಸಿ ಬಂದವರು ಊಟದ ತಟ್ಟೆಯ ಮುಂದೆಯೇ ನಮ್ಮ ಹೆಸರಿನ ಕತೆ ಶುರುಮಾಡಿದರು. ಅನ್ನ ಆರಿಹೋಗುವ ತನಕ ಹೇಳಿದರು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ, ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಮರುದಿನ ಯಾರಿಗೂ ಹೇಳದೆ ಪಕ್ಕದ ಮನೆಯ ಅಜ್ಜನ ಹತ್ತಿರ ಹೋದೆ.

ಆ ಅಜ್ಜ ಉಣ್ಣೆಯ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಒಬ್ಬರೇ. ಅವರ ಅಡ್ಡಹೆಸರು ಥಾರ್ನ್‌ರಾಯ್ಡ್. ಥಾರ್ನ್ ಅಂದರೆ ಮುಳ್ಳು. ರಾಯ್ಡ್ ಅಂದರೆ ಯಾರ್ಕ್‌ಷೈರಿನ ಹಳೆಯ ಮಾತಿನಲ್ಲಿ ಕಾಡು ಕಡಿದು ಹಸನು ಮಾಡಿದ ನೆಲ. ಅವರ ಹಿರಿಯರು ನಮ್ಮ ಬೀದಿಯಿಂದಲೇ ಕಾಣುವ ಗುಡ್ಡದ ಮೇಲೆ ಮುಳ್ಳುಪೊದೆ ಕಿತ್ತು ಹೊಲ ಮಾಡಿಕೊಂಡವರಂತೆ. ಆಮೇಲೆ ಕೆಲವರು ಗಿರಣಿಗೆಂದು ಕೆಳಗಿಳಿದರು, ಕೆಲವರು ಲೀಡ್ಸಿಗೆ ಹೋದರು, ಒಬ್ಬ ಕಡಲು ದಾಟಿದ. ಆ ಮನೆತನದ ದಾಖಲೆ ಅವರ ಮನೆಯ ಬೈಬಲ್ಲಿನ ಮೊದಲ ಪುಟಗಳಲ್ಲಿ ಇತ್ತು. ಹುಟ್ಟಿದವರ, ಸತ್ತವರ ಹೆಸರನ್ನು ಆರು ತಲೆಮಾರಿನವರು ಒಬ್ಬರಾದ ಮೇಲೊಬ್ಬರು ಅಲ್ಲಿ ಬರೆದಿಟ್ಟಿದ್ದರು.

ಅಜ್ಜ ಆ ದಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಗುರುವಾರ ಬೆಳಿಗ್ಗೆ ತಪ್ಪದೆ ತಂದುಕೊಡಬೇಕು ಎಂದರು. ಅಂದು ಕೆನಡಾದಿಂದ ಒಬ್ಬ ಹೆಂಗಸು ಆ ಪುಸ್ತಕ ನೋಡಲೆಂದೇ ಬರುವವರಿದ್ದರು. ಕಡಲು ದಾಟಿದವನ ಮೊಮ್ಮಗಳು ಆಕೆ. ಆತ ತಂದೆಯ ಜೊತೆ ಜಗಳವಾಡಿ ಓಡಿಹೋಗಿದ್ದ. ತಂದೆ ಸಿಟ್ಟಿನಲ್ಲಿ ಅವನ ಹೆಸರನ್ನೇ ಪುಸ್ತಕದಿಂದ ಹೊಡೆದುಹಾಕಿದ್ದಾನೆ ಎಂದು ಕೆನಡಾದ ಅವರ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದು ನಿಜವೋ ಸುಳ್ಳೋ ಆಕೆ ಕಣ್ಣಾರೆ ನೋಡಬೇಕಿತ್ತು. ಅಜ್ಜನೂ ಏನನ್ನೂ ಹೇಳದೆ, ಬಂದು ನೀವೇ ನೋಡಿ ಎಂದು ಬರೆದಿದ್ದರಂತೆ. ಅಂದೇ ಮಧ್ಯಾಹ್ನದ ರೈಲಿನಲ್ಲಿ ಆಕೆ ಮತ್ತೆ ಮ್ಯಾಂಚೆಸ್ಟರಿಗೆ, ಅಲ್ಲಿಂದ ವಿಮಾನ.

ಆ ಹಳೆಯ ಕೈಬರಹದಲ್ಲಿ ನನಗೆ ಓದಲು ಬಂದಷ್ಟನ್ನು ಸೇರಿಸಿ ಎರಡು ಪುಟ ಚೆನ್ನಾಗಿಯೇ ಬರೆದೆ. ಮನೆಯಲ್ಲಿ ಗೊತ್ತಾಗಬಾರದೆಂದು ಬೈಬಲ್ಲನ್ನು ನನ್ನ ಶಾಲೆಯ ಪುಸ್ತಕಗಳ ನಡುವೆ ಬಚ್ಚಿಟ್ಟೆ. ಗುರುವಾರ ಬೆಳಿಗ್ಗೆ ತಡವಾಗಿ ಎದ್ದವನು ಅದನ್ನು ಮರೆತೇಬಿಟ್ಟು ಶಾಲೆಗೆ ಓಡಿದೆ. ಗಣಿತದ ಪಾಠದ ನಡುವೆ ನೆನಪಾಯಿತು.

ಊಟದ ಬಿಡುವಿನಲ್ಲಿ ಏದುಸಿರು ಬಿಡುತ್ತ ಮನೆಗೆ ಬಂದೆ. ಬಾಗಿಲಲ್ಲೇ ಊದಿನಕಡ್ಡಿಯ ವಾಸನೆ, ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ. ಅಂದು ಮಹಾನವಮಿ, ನಮ್ಮಲ್ಲಿ ಖಂಡೇಪೂಜೆ. ಅನ್ನ ಕೊಡುವ ಸಾಮಾನನ್ನೆಲ್ಲ, ವಿದ್ಯೆ ಕೊಡುವ ಪುಸ್ತಕವನ್ನೆಲ್ಲ ಒಟ್ಟಿಗೆ ಇಟ್ಟು ಪೂಜಿಸುವ ದಿನ. ನಡುಮನೆಯಲ್ಲಿ ಅವ್ವನ ಹೊಲಿಗೆಯಂತ್ರ, ಅಡುಗೆಯ ಈಳಿಗೆ, ಅಕ್ಕನ ಮತ್ತು ನನ್ನ ಪುಸ್ತಕಗಳು, ಮೇಲೆ ಅಪ್ಪನ ಸ್ಟೆತಾಸ್ಕೋಪ್ ಇದ್ದವು. ಪಾಪ, ಅಪ್ಪ ಆ ದಿನ ಆಸ್ಪತ್ರೆಯಲ್ಲಿ ಯಾರದೋ ಸ್ಟೆತಾಸ್ಕೋಪ್ ಬೇಡಿ ತೆಗೆದುಕೊಂಡಿದ್ದರು. ಸ್ಟೆತಾಸ್ಕೋಪಿನ ಕೆಳಗೆ ಅಜ್ಜನ ಬೈಬಲ್ ಇತ್ತು. ಅದರ ಕಪ್ಪು ಚರ್ಮದ ರಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ದುಂಡಗೆ ಕುಂಕುಮ.

ಹಬ್ಬಕ್ಕೆಂದು ಮನೆಯಲ್ಲೇ ಉಳಿದಿದ್ದ ಅಕ್ಕನನ್ನು ಮೂಲೆಗೆ ಎಳೆದು ಕೇಳಿದೆ. ನಿನ್ನ ಪುಸ್ತಕದ ಜೊತೆಗೇ ಇತ್ತು, ನಾನೇನು ಕಂಡೆ ಎಂದಳು. ಕಿಟಕಿಯಿಂದ ನೋಡಿದರೆ ಅಜ್ಜನ ಮನೆಯ ಮುಂದೆ ಟ್ಯಾಕ್ಸಿ ಬಂದು ನಿಂತಿತ್ತು. ನೀಲಿ ಕೋಟಿನ ಹೆಂಗಸೊಬ್ಬರು ಇಳಿಯುತ್ತಿದ್ದರು. ಅವ್ವ ಒಲೆಯ ಕಡೆ ಹೋದದ್ದೇ ತಡ, ನಾನು ಪೂಜೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ದೀಪಕ್ಕೆ ತಾಗದಂತೆ ಕೈ ಚಾಚಿದೆ. ಬೈಬಲ್ ಸ್ವಲ್ಪ ಜರುಗಿತು. ಮೇಲಿದ್ದ ಸ್ಟೆತಾಸ್ಕೋಪ್ ಜಾರಿ ಈಳಿಗೆಗೆ ಬಡಿದು ಟಣ್ ಎಂದಿತು.

"ಖಂಡೇಪೂಜಿಗೆ ಇಟ್ಟದ್ದನ್ನ ನಾಳೆ ಬನ್ನಿ ಕೊಟ್ಟಮ್ಯಾಲೆನ ತಗೀಬೇಕು. ಕೈ ಹಿಂದ ತಗೊ," ಎಂದಳು ಅವ್ವ. ಸಟ್ಟುಗ ಕೈಯಲ್ಲೇ ಇತ್ತು.

ಶಾಲೆಗೆ ಬೇಕು ಎಂದು ಸುಳ್ಳು ಹೇಳಿದೆ. ಇವತ್ತು ಈ ಮನೆಯಲ್ಲಿ ಯಾರೂ ಓದುವುದಿಲ್ಲ, ಬರೆಯುವುದಿಲ್ಲ, ನಿಮ್ಮ ಟೀಚರ್‌ಗೆ ಹಾಗೇ ಹೇಳು ಎಂದಳು. ಅವ್ವ ಬೇರೆಲ್ಲದರಲ್ಲೂ ಸಡಿಲ, ಆದರೆ ಹಬ್ಬದ ನೇಮದಲ್ಲಿ ಮಾತ್ರ ಕಲ್ಲು. ಪರದೇಶದಲ್ಲಿ ಒಂದು ಬಿಟ್ಟರೆ ಎಲ್ಲವೂ ಬಿಟ್ಟುಹೋಗುತ್ತದೆ ಎಂಬ ಹೆದರಿಕೆ ಅವಳಿಗೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಾಗಿಲಲ್ಲಿ ಅಜ್ಜ, ಅವರ ಹಿಂದೆ ನೀಲಿ ಕೋಟಿನ ಹೆಂಗಸು. ಅವರ ಬೆನ್ನಿಗೇ, ಹೋಳಿಗೆ ಊಟಕ್ಕೆಂದು ಬಂದ ಅಪ್ಪ ಕಾರಿನಿಂದ ಇಳಿಯುತ್ತಿದ್ದರು. ರೈಲಿಗೆ ಹೆಚ್ಚು ಹೊತ್ತಿಲ್ಲ, ಪುಸ್ತಕ ಕೊಡಪ್ಪಾ ಎಂದರು ಅಜ್ಜ. ಅವ್ವನಿಗೆ ಆಗಿನ್ನೂ ಇಂಗ್ಲಿಷ್ ಬರುತ್ತಿರಲಿಲ್ಲ. ಏನಂತಾರ ಎಂದು ನನ್ನನ್ನೇ ಕೇಳಿದಳು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅದು ಅವರ ಪುಸ್ತಕ ಎಂದೆ. ಓಡಿಹೋದವನ ಹೆಸರಿನ ಸಂಗತಿಯನ್ನೂ ಹೇಳಿದೆ. ಅವ್ವ ನನ್ನ ಮುಖ ನೋಡಿದಳು, ಪೂಜೆಯ ಕಡೆ ನೋಡಿದಳು, ಆ ಹೆಂಗಸಿನ ಕೈಗಳನ್ನು ನೋಡಿದಳು. ಅವು ಆಗಲೇ ಕೈಚೀಲದಿಂದ ಓದುವ ಕನ್ನಡಕ ತೆಗೆದು ಹಿಡಿದಿದ್ದವು.

"ಪುಸ್ತಕ ಜಗಾ ಬಿಟ್ಟು ಏಳೂದಿಲ್ಲ. ಅವರನ್ನ ಒಳಗ ಕರಿ. ಅವರ ಮನಿ ಪುಸ್ತಕ, ಅವರ ತಗದು ನೋಡ್ಲಿ."

ಇಬ್ಬರೂ ಬೂಟು ಕಳಚಿ ಒಳಗೆ ಬಂದರು. ಅಜ್ಜ ಮೊಣಕಾಲೂರಿ ಕೂತರು. ವಿಭೂತಿ, ಕುಂಕುಮ ಕಂಡದ್ದೇ ಅವರ ಮುಖ ಬಿಗಿಯಿತು. ಅವರು ಪ್ರತಿ ಭಾನುವಾರ ಚಾಪೆಲ್ಲಿಗೆ, ಅಂದರೆ ಮೂರ್ತಿ ಚಿತ್ರ ಒಪ್ಪದವರ ಚರ್ಚಿಗೆ ಹೋಗುವವರು, ಗೋಡೆಗೆ ಒಂದು ಚಿತ್ರವನ್ನೂ ಹಾಕದವರು. ಯಾರು ಮಾಡಿದ್ದು ಎಂದು ಕೇಳಿದರು. ಅಕ್ಕ ಹೆದರಿ ಕೈ ಎತ್ತಿದಳು. ನಾವು ಯಾವುದರಿಂದ ಬದುಕುತ್ತೇವೋ ಅದಕ್ಕೆ ವರ್ಷಕ್ಕೊಮ್ಮೆ ಹೀಗೆ ಮಾಡುತ್ತೇವೆ ಎಂದು ನಾನು ತೊದಲಿದೆ.

ಅಜ್ಜ ಹೊಲಿಗೆಯಂತ್ರ, ಈಳಿಗೆ, ಸ್ಟೆತಾಸ್ಕೋಪುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಇರಲಿ ಬಿಡು ಎಂದು ರಟ್ಟು ತೆರೆದರು. ಹೆಬ್ಬೆರಳಿಗೆ ಅಂಟಿದ ಕುಂಕುಮವನ್ನು ಒರೆಸಿಕೊಳ್ಳಲೂ ಇಲ್ಲ.

ಆ ಹೆಂಗಸು ಬಗ್ಗಿ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಮೂರನೆಯ ಪುಟದ ಕೆಳಗೆ ಬೆರಳು ನಿಂತಿತು. ಹೆಸರು ಇತ್ತು. ಅದರ ಮೇಲೆ ಗೀಟು ಇರಲಿಲ್ಲ. ಪಕ್ಕದಲ್ಲಿ ಅದೇ ಕೈಬರಹದಲ್ಲಿ, ಅದೇ ಮಾಸಿದ ಶಾಯಿಯಲ್ಲಿ, ಕೆನಡಾ ಎಂದು ಬರೆದಿತ್ತು. ಸಿಟ್ಟಿನ ತಂದೆ ಮಗ ಹೋದ ದೇಶವನ್ನು ಬರೆದಿಟ್ಟುಕೊಂಡಿದ್ದ. ಆಕೆ ನಮ್ಮ ನೆಲದ ಮೇಲೆ ಕೂತು ಅತ್ತರು. ಅವ್ವ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು. ಅದಕ್ಕೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ.

ಅಲ್ಲಿಗೆ ನಾನು ಪಾರಾದೆ ಎಂದುಕೊಂಡೆ. ಅಜ್ಜ ಏಳುತ್ತ ಅಪ್ಪನಿಗೆ ಹೇಳಿದರು, ನಿಮ್ಮ ಹುಡುಗ ನನ್ನ ಹೆಸರಿನ ಬಗ್ಗೆ ಶಾಲೆಗೆ ಬರೆಯುತ್ತಿದ್ದಾನೆ, ಇರಲಿ, ನಿಮ್ಮ ಹೆಸರಿನ ಅರ್ಥ ಏನು ಎಂದು. ಅಪ್ಪ ನನ್ನ ಕಡೆ ತಿರುಗಿದರು.

"ನಮ್ಮ ಹೆಸರಿನ ಕತಿ ಬರದಿಲ್ಲೇನು?"

"ಇಲ್ಲ," ಎಂದೆ.

ಅಪ್ಪ ಬೈಯಲಿಲ್ಲ. ಹೌದಾ ಎಂದಷ್ಟೇ ಹೇಳಿ ಅಜ್ಜನಿಗೆ ಅರ್ಥ ಬಿಡಿಸಿ ಹೇಳಿದರು. ಅಜ್ಜ ನಕ್ಕರು. ನಮ್ಮವರು ಕಿತ್ತದ್ದು ಮುಳ್ಳು, ನಿಮ್ಮವರು ಬೆಳೆದದ್ದು ತಿನ್ನುವ ಪದಾರ್ಥ, ನಿಮ್ಮ ಹೆಸರೇ ಮೇಲು ಎಂದರು. ಅಪ್ಪನೂ ನಕ್ಕರು, ಆದರೆ ನನ್ನ ಕಡೆ ನೋಡಲಿಲ್ಲ. ಊಟ ಬಿಟ್ಟು ಆ ಹೆಂಗಸನ್ನು ಸ್ಟೇಷನ್ನಿಗೆ ಬಿಡಲು ಹೋದರು. ರೈಲು ಸಿಕ್ಕಿತು. ಮರುದಿನ ಅವ್ವ ಅಜ್ಜನಿಗೆ ಪುಸ್ತಕದ ಜೊತೆ, ಊರಿಂದ ಟಪಾಲಿನಲ್ಲಿ ಬಂದ ಒಣ ಬನ್ನಿ ಎಲೆಯನ್ನೂ ಕೊಟ್ಟಳು. ನಾನು ತರಗತಿಯಲ್ಲಿ ಥಾರ್ನ್‌ರಾಯ್ಡ್ ಕತೆ ಓದಿ ಚಪ್ಪಾಳೆ ಗಿಟ್ಟಿಸಿದೆ. ಅಪ್ಪ ಮುಂದೆ ಎಂದೂ ಆ ಮಾತು ಎತ್ತಲಿಲ್ಲ. ನಾಲ್ಕು ಏಟು ಹಾಕಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಮೊಮ್ಮಕ್ಕಳಾದ ನಿಮ್ಮ ಕಾಲ. ಲೀಡ್ಸಿನ ನಿಮ್ಮ ಶಾಲೆಯಲ್ಲಿ ಬಗೆಬಗೆಯ ಹೆಸರುಗಳಿವೆ, ನಿಮ್ಮ ಟೀಚರ್ ಅವನ್ನು ಸರಿಯಾಗಿ ಹೇಳಲು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ನಾನು ಬಚ್ಚಿಟ್ಟ ಹೆಸರನ್ನು ನೀವು ಫುಟ್‌ಬಾಲ್ ಅಂಗಿಯ ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಹಾಕಿಕೊಂಡು ಓಡುತ್ತೀರಿ. ಮೊನ್ನೆ ಫೋನಿನಲ್ಲಿ ಅದರ ಅರ್ಥ ಹುಡುಕಿ, ಅಜ್ಜಾ, ವಿ ಆರ್ ಆನಿಯನ್ಸ್ ಎಂದು ಕುಣಿದಾಡಿದಿರಿ. ಫೋನಿಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ನಾನು ಹೇಳುತ್ತೇನೆ.

ನನ್ನ ಅಪ್ಪನ ಮುತ್ತಜ್ಜ ಕರಿಮಣ್ಣಿನ ಹೊಲದ ಉಳ್ಳಾಗಡ್ಡಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು, ಘಟ್ಟ ಇಳಿದು ಕಡಲತೀರದವರೆಗೆ ಹೋಗುತ್ತಿದ್ದ. ಬರುವಾಗ ಉಪ್ಪು ತರುತ್ತಿದ್ದ. ದಾರಿಯಲ್ಲಿ ಹಸಿದು ನಡೆಯುವವರು ಯಾರೇ ಸಿಗಲಿ, ಚಕ್ಕಡಿ ನಿಲ್ಲಿಸಿ ಒಂದು ರೊಟ್ಟಿ, ಒಂದು ಉಳ್ಳಾಗಡ್ಡಿ ಕೈಗಿಡುತ್ತಿದ್ದ. ಅವನ ಊರು ಯಾವುದೋ ಅವರಿಗೆ ಗೊತ್ತಿರಲಿಲ್ಲ. ಉಳ್ಳಾಗಡ್ಡಿಯವ ಬಂದ ಎನ್ನುತ್ತಿದ್ದರು. ಮನೆ ಬಿಟ್ಟು ದೂರ ಬಂದವನಿಗೆ ದಾರಿಯ ಜನ ಕೊಟ್ಟ ಹೆಸರು ನಮ್ಮದು.

ಒಂದಕ್ಷರವನ್ನೂ ಬರೆದುಕೊಳ್ಳದಿದ್ದರೂ ಅಪ್ಪ ಹೇಳಿದ್ದೆಲ್ಲ ನನಗೆ ನೆನಪಿದೆ. ಆ ಶುಕ್ರವಾರ ಓದಬೇಕಾಗಿದ್ದ ಎರಡು ಪುಟ ಇವೇ, ಈಗ ನಿಮಗಾಗಿ ಬರೆದಿದ್ದೇನೆ. ಕೇಳಲು ಅಪ್ಪ ಇಲ್ಲ. ನೀವಾದರೂ ಗಟ್ಟಿಯಾಗಿ ಓದಿ.