ಎಲೆ ಕೇಳುತ್ತಿದ್ದ ಡಾಕ್ಟರು

ಎಂಬತ್ತರ ದಶಕದಲ್ಲಿ ನಾನು ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಒಬ್ಬರ ಕೈಕೆಳಗೆ ಯಲಹಂಕದ ಸುತ್ತ ಮನೆಮನೆಗೆ ಹೋಗಿ, ಜನರ ಅಭ್ಯಾಸಗಳನ್ನು ಕೇಳಿ ಫಾರಂ ತುಂಬುತ್ತಿದ್ದೆ. ನಾನು ಹೊಸ್ತಿಲಲ್ಲೇ ನಿಂತು "ಹೊಗೆಸೊಪ್ಪು ಹಾಕ್ತೀರಾ?" ಎಂದರೆ ಹೆಂಗಸರೆಲ್ಲ ಇಲ್ಲವೆನ್ನುತ್ತಿದ್ದರು. ಡಾಕ್ಟರು ಒಳಗೆ ಹೋಗಿ ಚಾಪೆಯ ಮೇಲೆ ಕೂತು, "ನಂಗೂ ಒಂದು ಬರೀ ಎಲೆ ಕೊಡೀಮ್ಮ" ಎನ್ನುತ್ತಿದ್ದರು. ಎಲೆ ಕೇಳಿದವರಿಗೆ ಇಲ್ಲವೆನ್ನುವುದುಂಟೇ? ಎಲೆಯಡಿಕೆಯ ಸಂಚಿ ಬಿಚ್ಚುತ್ತಿದ್ದರು, ಒಳಗಿದ್ದ ಹೊಗೆಸೊಪ್ಪೂ ಕಾಣುತ್ತಿತ್ತು. "ಮೊದ್ಲು ಕೂತ್ಕೋ, ಆಮೇಲೆ ಕೇಳು" ಎಂದು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಪುಟ್ಟೇನಹಳ್ಳಿಯ ನಮ್ಮ ಮನೆಯ ಫಾರಂ ಮಾತ್ರ ನಾನು ಯಾರನ್ನೂ ಕೇಳದೆ, ಹೊಗೆಸೊಪ್ಪು ಇಲ್ಲವೆಂದು ತುಂಬಿದ್ದೆ. ನಮ್ಮಮ್ಮನನ್ನು ನಾನು ಅರಿಯೆನೇ? ಡಾಕ್ಟರು ಅದನ್ನು ಓದಿ, ನೇರ ನಮ್ಮ ಮನೆಗೇ ಬಂದು ಎಲೆ ಕೇಳಿದರು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೆ ಅಮ್ಮನ ದನಿ ಕೇಳಿಸಿತು: "ಇಂಗೇ ಒಂದ್ಚೂರು ಹೊಗೆಸೊಪ್ಪು ಕಣವ್ವಾ, ಮದ್ವೆ ಆದಾಗ್ನಿಂದ. ಮಗಳಿಗೆ ಯೋಳ್ಬ್ಯಾಡಿ."

ಟಾರ್ಚು ಬಿಟ್ಟು ನೋಡಿದರೆ ಅಮ್ಮನ ಬಾಯೊಳಗೆ ಬಿಳಿ ಕಲೆ, ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದಾದದ್ದು. ಡಾಕ್ಟರು ನನ್ನನ್ನು ಕರೆದು, ಪೆನ್ನು ಕೈಗಿತ್ತು, "ಮೊದ್ಲು ಕೂತ್ಕೋ" ಎಂದರು. ಅಮ್ಮನನ್ನು ಕೇಳಿ ಮತ್ತೆ ಬರೆದೆ.

ಚಿಕಿತ್ಸೆ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಸಂಚಿಗೆ ಹೊಗೆಸೊಪ್ಪಿನ ಬದಲು ಲವಂಗ ತುಂಬಿಕೊಂಡು ಅಮ್ಮ ಇನ್ನೂ ಇಪ್ಪತ್ತು ವರ್ಷ ಬದುಕಿದಳು. ಬಂದವರಿಗೆಲ್ಲ ಹೇಳುತ್ತಿದ್ದಳು: "ಅಷ್ಟು ದೊಡ್ಡ ಡಾಕ್ಟ್ರು, ನನ್ ಕೈಯಿಂದ ಎಲೆ ಈಸ್ಕೊಂಡ್ರು!"