ನಿಧಾನದವರು ಮತ್ತು ಲೆಕ್ಕದವರು

ನನ್ನ ಗಂಡನಿಗೂ ನನ್ನ ತಮ್ಮನಿಗೂ ಹೊಲದ ಬದುವಿನ ಮೇಲೆ ಜಗಳವಿದ್ದಿದ್ದರೆ ನಾಲ್ಕು ಜನ ಹಿರಿಯರನ್ನು ಕೂಡಿಸಿ ಮುಗಿಸಬಹುದಿತ್ತು. ಅವರ ಜಗಳ ಇಂಗ್ಲೆಂಡಿನ ಎರಡು ಹಳೆಯ ಸಂಗೀತ ತಂಡಗಳ ಮೇಲೆ. ಯಾವುದು ದೊಡ್ಡದು ಎಂದು. ಜತ್ತ ತಾಲೂಕಿನಲ್ಲಿ ಇದರ ನ್ಯಾಯ ಹೇಳುವವರು ಯಾರಿದ್ದಾರೆ?

ಇಬ್ಬರೂ ಸಾಂಗಲಿಯಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದರು. ಅವರಿಗಿಂತ ಮುಂಚೆ ಅಲ್ಲಿದ್ದ ಯಾರೋ ಕಪಾಟಿನಲ್ಲಿ ಒಂದು ಚೀಲ ಕ್ಯಾಸೆಟ್ ಬಿಟ್ಟು ಹೋಗಿದ್ದನಂತೆ. ಹಿಂದಿ ಸಿನಿಮಾ ಹಾಡಿರಬಹುದೆಂದು ಹಾಕಿದರೆ ಪ್ರೋಗ್ರೆಸ್ಸಿವ್ ರಾಕ್ ಹೊರಬಿತ್ತು. ಹಾಗೆಂದರೇನು ಎಂದು ನಾನು ಹೊಸ ಸೊಸೆಯಾಗಿದ್ದಾಗ ಕೇಳಿ ತಪ್ಪು ಮಾಡಿದೆ. ಕುಕ್ಕರಿನ ಬೇಳೆ ಹೊತ್ತಿ ಹೋಗುವವರೆಗೆ ಉತ್ತರ ನಡೆಯಿತು. ನನಗೆ ತಿಳಿದದ್ದು ಇಷ್ಟು: ಒಂದೇ ಹಾಡು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ತುಂಬುತ್ತದೆ, ಅದರೊಳಗೆ ಹಾಡುವುದು ಕಡಿಮೆ, ಬಾರಿಸುವುದು ಜಾಸ್ತಿ.

ಗಂಡನ ತಂಡದವರು ನಿಧಾನಸ್ಥರು. ಒಂದು ಗಿಟಾರಿನ ತಂತಿ ಮೀಟಿ, ಅದು ಪೂರ್ತಿ ಆರಿ ಹೋಗುವವರೆಗೆ ಕಾದು, ಇನ್ನೊಂದನ್ನು ಮೀಟುತ್ತಾರೆ. ನಡುವೆ ಗಾಳಿಯ ಸದ್ದು, ಯಾರೋ ಗೊಣಗುವ ಸದ್ದು. ತಮ್ಮನ ತಂಡದವರಿಗೆ ಕಾಯುವ ವ್ಯವಧಾನವಿಲ್ಲ. ಏಳು ಪೆಟ್ಟಿನ ತಾಳ ಹಿಡಿದರೆಂದು ನಾವು ತಲೆದೂಗುವಷ್ಟರಲ್ಲಿ ಐದಕ್ಕೆ ಹಾರಿ, ಅಲ್ಲಿಂದ ಹನ್ನೊಂದಕ್ಕೆ ಹೋಗುತ್ತಾರೆ. ಅವರ ಗಾಯಕನ ದನಿ ಹೆಣ್ಣುಮಕ್ಕಳ ದನಿಗಿಂತ ಮೇಲೆ. ನಾನು ಒಬ್ಬರನ್ನು ನಿಧಾನದವರು ಎಂದೂ ಇನ್ನೊಬ್ಬರನ್ನು ಲೆಕ್ಕದವರು ಎಂದೂ ಕರೆಯುತ್ತೇನೆ. ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರ ಹೆಸರು ಮೊದಲು ಬಂತು ಎಂದು ಇವರಿಬ್ಬರೂ ಹೊಸ ಜಗಳ ತೆಗೆಯುತ್ತಾರೆ.

ಅವರ ಗೆಳೆತನದಿಂದಲೇ ನಮ್ಮ ಮದುವೆ ಕೂಡಿಬಂತು. 'ಹುಡುಗ ಭಾಳ ಚಲೋ ಅದಾನ' ಎಂದು ತಮ್ಮನೇ ಅಪ್ಪನಿಗೆ ಹೇಳಿದ್ದ. ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ ಎಂದು ಅಪ್ಪ ಮೂರು ಊರಲ್ಲಿ ವಿಚಾರಿಸಿದ. ಈ ಚಟ ವಿಚಾರಿಸಬೇಕೆಂದು ಅವನಿಗೆ ಹೇಗೆ ಹೊಳೆದೀತು?

ಈಗ ಗಂಡನಿಗೆ ಜತ್ತದಲ್ಲಿ ಬೀಜ ಗೊಬ್ಬರದ ಅಂಗಡಿ. ತಮ್ಮ ಶೇಗಾಂವದಲ್ಲಿ ದಾಳಿಂಬೆ ಬೆಳೆಯುತ್ತಾನೆ. ನಾನು ಅಸಂಗಿಯ ಕನ್ನಡ ಸಾಲಿಯಲ್ಲಿ ಮಾಸ್ತರಬಾಯಿ. ಜನರೆದುರು ನನ್ನ ಗಂಡನನ್ನು ತಮ್ಮ 'ಮಾವಾರ' ಎಂದು ಮರ್ಯಾದೆಯಿಂದಲೇ ಮಾತಾಡಿಸುತ್ತಾನೆ. ತಂಡಗಳ ಮಾತು ಬಂದ ಕೂಡಲೇ 'ರಿ' ಬಿದ್ದುಹೋಗಿ ಹಾಸ್ಟೆಲಿನ 'ನೀ' ಬರುತ್ತದೆ. ನನ್ನ ಮಗಳ ತೊಟ್ಟಿಲ ಕಾರ್ಯದ ದಿನ ಸೋದರಮಾವನೆಂದು ಕರೆದರೆ, ಅವನು ಅಂಗಳದಲ್ಲಿ ನಿಂತು ಕೈಬೆರಳು ಮಡಚಿ ತಾಳ ಎಣಿಸಿ ತೋರಿಸುತ್ತಿದ್ದ.

"ನಿಮ್ಮವರಿಗೆ ಹಾಡ ಬರೂದಿಲ್ಲ, ಗಣಿತ ಬರ್ತದ" ಎಂದ ನನ್ನ ಗಂಡ.

"ನಿಮ್ಮವರಿಗೆ ಎರಡೂ ಬರೂದಿಲ್ಲ. ನಿದ್ದಿ ಬರ್ತದ."

"ಹಾಡು ಯಾವಾಗ ಶುರು ಆಗ್ತದರಿ?" ಎಂದು ನಾನು ಒಮ್ಮೆ ಎರಡೂ ತಂಡಗಳ ಬಗ್ಗೆ ಕೇಳಿದ್ದೆ. ಇಬ್ಬರೂ ನನ್ನನ್ನು ಒಂದೇ ರೀತಿಯ ಕನಿಕರದಿಂದ ನೋಡಿದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಹೋದ ವರ್ಷ ಮಳೆಗಾಲದ ಒಂದು ಮುಂಜಾನೆ ತಮ್ಮ ಎದ್ದು ಫೋನನ್ನು ಎಡಗಿವಿಗೆ ಹಿಡಿದ. ಏನೂ ಕೇಳಲಿಲ್ಲ. ಫೋನು ಕೆಟ್ಟಿದೆ ಎಂದು ಹೆಂಡತಿಯನ್ನು ಬೈದ. ಅವಳು ಅದನ್ನು ಅವನ ಬಲಗಿವಿಗೆ ಹಿಡಿದಾಗ ಫೋನು ಸರಿಯಾಗಿಯೇ ಇತ್ತು. ನನ್ನ ಗಂಡ ಅಂಗಡಿಗೆ ಬೀಗ ಹಾಕಿ, ಅವನನ್ನು ಮಿರಜಿಗೆ ಕರೆದುಕೊಂಡು ಹೋದ. ಇಂಜೆಕ್ಷನ್ ಆದವು, ಗುಳಿಗೆ ಆದವು. ಒಳಗಿನ ನರಕ್ಕೆ ಪೆಟ್ಟಾಗಿದೆ, ಎಡಗಿವಿ ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ತಮ್ಮ ಅದನ್ನು ಸಮಾಧಾನದಿಂದಲೇ ಕೇಳಿಕೊಂಡ. ಊರಿಗೆ ಬಂದು ತೋಟದಲ್ಲಿ ಕುಳಿತು ಇಯರ್‌ಫೋನ್ ಹಾಕಿಕೊಂಡಾಗ ಕುಸಿದ. ಆ ಕಾಲದ ಧ್ವನಿಮುದ್ರಣದಲ್ಲಿ ಒಂದು ವಾದ್ಯ ಬರೇ ಎಡಕ್ಕೆ, ಇನ್ನೊಂದು ಬರೇ ಬಲಕ್ಕೆ ಬರುತ್ತದಂತೆ. ಗಿಟಾರು ಕೇಳಿಸಿತು. ಎಡಕ್ಕಿದ್ದ ಆರ್ಗನ್ ವಾದ್ಯ ಇರಲೇ ಇಲ್ಲ. ಎಲ್ಲಿ ಯಾವ ಪೆಟ್ಟು ಬೀಳಬೇಕೋ ಅಲ್ಲಿ ಖಾಲಿ. ಅವತ್ತು ಇಯರ್‌ಫೋನ್ ಕಿತ್ತು ಟ್ರಂಕಿನಲ್ಲಿ ಹಾಕಿದವನು ಮತ್ತೆ ಮುಟ್ಟಲಿಲ್ಲ. ಜತ್ತಕ್ಕೆ ಬರುವುದನ್ನೂ ಬಿಟ್ಟ.

ನಮ್ಮ ಮನೆ ಶಾಂತವಾಯಿತು. ಈ ಶಾಂತಿಗಾಗಿ ನಾನು ಎಷ್ಟೋ ಸೋಮವಾರ ಉಪವಾಸ ಮಾಡಿದ್ದೆ. ಬಂದ ಮೇಲೆ ಅದು ಯಾರಿಗೂ ಬೇಕಾಗಿರಲಿಲ್ಲ. ಗಂಡ ತನ್ನ ನಿಧಾನದವರನ್ನು ಹಚ್ಚುವುದನ್ನೂ ನಿಲ್ಲಿಸಿದ. "ಯಾಕ್ರಿ?" ಎಂದರೆ, "ಬೈಯಾವರ ಇಲ್ಲ, ಏನ ಕೇಳೂದು" ಎಂದ.

ಕೆಲವು ದಿನ ಕಳೆದು ಒಂದು ಸಂಜೆ ನಾನು ಸಾಲಿ ಮುಗಿಸಿ ಅಂಗಡಿಗೆ ಹೋದಾಗ, ಈ ಮನುಷ್ಯ ಎಡಗಿವಿಯಲ್ಲಿ ಅರಳೆ ತುರುಕಿಕೊಂಡು, ಬಲಗಿವಿಯಲ್ಲಿ ಇಯರ್‌ಫೋನ್ ಸಿಗಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ. ದರಿಬಡಚಿಯ ಒಬ್ಬ ಹಿರಿಯ ಕೌಂಟರ್ ಮುಂದೆ ನಿಂತು ಕೂಗುತ್ತಿದ್ದ. ಅವನು ಕೇಳಿದ್ದು ಸಜ್ಜಿ ಬೀಜ, ಇವನು ಕೊಟ್ಟದ್ದು ಗೋವಿನಜೋಳ.

"ಏನ ನಡಸೀರಿ ಇದು?" ಎಂದು ಅರಳೆ ಕಿತ್ತು ಕೇಳಿದೆ.

"ಫೋನಿನ್ಯಾಗ ಎರಡೂ ಕಡಿ ಸಪ್ಪಳ ಕೂಡಿಸಿ ಒಂದ ಕಿವಿಗಿ ಕೊಡೂ ವ್ಯವಸ್ಥಾ ಅದ. ಹೆಂಗ ಕೇಳಿಸ್ತದ ನೋಡಾಕತ್ತೀನಿ."

"ನಿಮ್ಮವರ ಹಾಡೇನು?"

ಅವನು ಆಚೆ ನೋಡಿದ. "ಅವನವರದು."

ಜನ್ಮವಿಡೀ ಬೈದ ತಂಡದ ಹಾಡುಗಳನ್ನು ಅವನು ಹೀಗೆ ಅರಳೆ ತುರುಕಿಕೊಂಡು ಒಂದೊಂದಾಗಿ ಕೇಳಿದ, ಸದ್ದಿನ ಏರಿಳಿತ ಹೊಂದಿಸಿದ, ಮತ್ತೆ ಕೇಳಿದ. ಮನೆಗೆ ಬಂದು ತಲೆನೋವು ಎಂದು ಮಲಗಿದ. ಪುಣ್ಯದ ಕೆಲಸ ಮಾಡುತ್ತಿದ್ದವನನ್ನು ಬೈಯುವಂತೆಯೂ ಇರಲಿಲ್ಲ, ಗಿರಾಕಿಗಳ ದೂರು ಕೇಳದೆ ಇರುವಂತೆಯೂ ಇರಲಿಲ್ಲ.

ಒಂದು ಭಾನುವಾರ ಶೇಗಾಂವಕ್ಕೆ ಹೋದೆವು. ತಮ್ಮ ಕಟ್ಟೆಯ ಮೇಲೆ ಕುಳಿತಿದ್ದ. ಗಂಡ ಕುಶಲ ಕೂಡ ಕೇಳದೆ ಫೋನು ಮುಂದೆ ಹಿಡಿದ.

"ಕಿವ್ಯಾಗ ಹಾಕ್ಕೊ."

"ಬ್ಯಾಡ್ರಿ ಮಾವಾರ."

ಆ 'ರಿ' ಕೇಳಿ ಗಂಡನ ಮುಖ ಸಣ್ಣದಾಯಿತು. "ಹಾಕ್ಕೊ ಅಂದ್ರ ಹಾಕ್ಕೊ" ಎಂದ.

ತಮ್ಮ ಹಾಕಿಕೊಂಡ. ನಾವು ಕುಳಿತೆವು. ಅವನ ಹೆಂಡತಿ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಲೆಕ್ಕದವರ ಹಾಡು ಮುಗಿಯುವುದೆಂದರೆ ಸುಮ್ಮನೆ ಅಲ್ಲ. ನಡುವೆ ಎಲ್ಲೋ ಅವನ ಬೆರಳು ಮೊಣಕಾಲಿನ ಮೇಲೆ ಎಣಿಸತೊಡಗಿತು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ಆರ್ಗನ್ ಬಂತು" ಎಂದ, ಮುಗಿದ ಮೇಲೆ.

ನನಗೂ ಎದೆ ತುಂಬಿ ಬಂತು. ಇಷ್ಟಕ್ಕೇ ಮುಗಿಸಿದ್ದರೆ ಎಷ್ಟು ಚೆಂದವಿತ್ತು.

"ಖರೆ ಎಲ್ಲಾ ಒಂದ ಕಡಿ ತುರುಕಿದಂಗ ಆಗೇತಿ" ಎಂದ ತಮ್ಮ. "ನಿಮ್ಮವರ ಹಾಡಿನಂಗ ಮಬ್ಬ ಮಬ್ಬ."

"ನಮ್ಮವರದು ಮಬ್ಬ? ನಿನ್ನ ಸಲುವಾಗಿ ಆ ಗದ್ದಲಾ ಎಲ್ಲಾ ಕೇಳೀನಿ. ಅದರಾಗ ಮೂರನೇದೊಂದು ಬಿಟ್ರ ಒಂದಾದರೂ ಹಾಡು ಐತೇನು?"

ತಮ್ಮ ತಟ್ಟನೆ ತಿರುಗಿದ. "ಮೂರನೇದು ಚಲೋ ಅದ ಅಂದಿ."

"ನಾ ಎಲ್ಲಿ ಅಂದೆ?"

"ಅಕ್ಕಾ, ನೀ ಸಾಕ್ಷಿ. ಅಂದ ಇಲ್ಲೋ?"

"ನನ್ನ ನಡುವ ಎಳೀಬ್ಯಾಡ್ರಿ" ಎಂದು ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಾಲು ಮತ್ತೆ ಕುದಿಸಿ, ಮತ್ತೆ ಚಹಾ ಮಾಡಿ ತಂದಾಗಲೂ ಅವರು ಮೂರನೆಯದರಲ್ಲೇ ಇದ್ದರು.

ಈಗ ತಮ್ಮ ಮೊದಲಿನಂತೆ ಸಂತೆಯ ದಿನ ಜತ್ತಕ್ಕೆ ಬರುತ್ತಾನೆ. ಒಂದು ಕಿವಿಯಾದ್ದರಿಂದ ಅವನೂ ಜೋರಾಗಿ ಮಾತಾಡುತ್ತಾನೆ, ಅವನಿಗೆ ಕೇಳಲೆಂದು ಗಂಡನೂ ಜೋರಾಗಿ. ಪಕ್ಕದ ಮನೆಯವರು, 'ಏನಾಗೇತ್ರಿ ಬಾಯಾರ, ಯಾರರ ತೀರಿಕೊಂಡರೇನು?' ಎಂದು ಬಂದು ವಿಚಾರಿಸಿದರು. ಇಲ್ಲ, ಚಲೋ ಅದಾರ ಎಂದು ಕಳಿಸಿದೆ. ನನ್ನ ತಲೆ ಚಿಟ್ಟು ಹಿಡಿದಿದೆ. ಆದರೂ ಸಂತೆಯ ದಿನ ಮುಂಜಾನೆ ಸಾಲಿಗೆ ಹೊರಡುವ ಮುಂಚೆ, ತಮ್ಮ ಕುಳಿತಾಗ ಅವನ ಬಲಗಿವಿ ಗಂಡನ ಕಡೆಗೆ ಬರುವಂತೆ ಅವನ ಕುರ್ಚಿಯನ್ನು ಸರಿಸಿಟ್ಟು ಹೋಗುತ್ತೇನೆ.